ಶಸ್ತ್ರಚಿಕಿತ್ಸಾ ರೋಗಿಯ ಪರೀಕ್ಷೆ (ವೈದ್ಯಕೀಯ ಶಿಕ್ಷಣ)

ಶಸ್ತ್ರಚಿಕಿತ್ಸಾ ರೋಗಿಯ ಪರೀಕ್ಷೆ ಎಂಬುದು ಶಸ್ತ್ರಚಿಕಿತ್ಸೆ ಬೇಕಾಗಬಹುದಾದ ಅಥವಾ ಈಗಾಗಲೇ ಶಸ್ತ್ರಚಿಕಿತ್ಸೆಗೆ ಒಳಗಾದ ವ್ಯಕ್ತಿಯ ರೋಗವೃತ್ತಾಂತವನ್ನು ಕೇಳಿ, ದೇಹವನ್ನು ಕ್ರಮವಾಗಿ ಪರಿಶೀಲಿಸಿ, ಮುಂದಿನ ಹೆಜ್ಜೆಯನ್ನು ತೀರ್ಮಾನಿಸುವ ವಿಧಾನ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಇದನ್ನು ವಾರ್ಡಿನಲ್ಲಿ, ಹೊರರೋಗಿ ವಿಭಾಗದಲ್ಲಿ ಮತ್ತು ತುರ್ತು ಚಿಕಿತ್ಸಾ ವಿಭಾಗದಲ್ಲಿ, ಬಹುಮಟ್ಟಿಗೆ ರೋಗಿಯ ಹಾಸಿಗೆಯ ಪಕ್ಕದಲ್ಲೇ ಕಲಿಸಲಾಗುತ್ತದೆ. ವಿದ್ಯಾರ್ಥಿಯು ಕಂಡುಕೊಳ್ಳಬೇಕಾದ ಉತ್ತರಗಳು ಮುಖ್ಯವಾಗಿ ಎರಡು: ಈ ರೋಗಿಯ ಪ್ರಾಣಕ್ಕೆ ಈಗಲೇ ಅಪಾಯವಿದೆಯೇ? ಇವರಿಗೆ ಶಸ್ತ್ರಚಿಕಿತ್ಸೆ ಬೇಕೇ, ಬೇಕಾದರೆ ಎಷ್ಟು ಬೇಗ? ರೋಗದ ಹೆಸರನ್ನು ಹೇಳುವುದು ಈ ಎರಡರ ನಂತರದ ಕೆಲಸ. ಪರೀಕ್ಷೆಯಲ್ಲಿ ಸಂಭವಿಸುವ ಗಂಭೀರ ತಪ್ಪುಗಳಲ್ಲಿ ಹೆಚ್ಚಿನವು ಅಜ್ಞಾನದಿಂದಲ್ಲ, ದೇಹದ ಯಾವುದೋ ಒಂದು ಭಾಗವನ್ನು ನೋಡದೇ ಬಿಡುವುದರಿಂದ ಆಗುತ್ತವೆ. ಆದ್ದರಿಂದಲೇ ಈ ಬೋಧನೆಯಲ್ಲಿ ಕ್ರಮಕ್ಕೆ ಅಷ್ಟು ಮಹತ್ವ.

ಹಿನ್ನೆಲೆ

ಸುಶ್ರುತ ಸಂಹಿತೆಯ ಸೂತ್ರಸ್ಥಾನವು ರೋಗವನ್ನು ತಿಳಿಯಲು ಆರು ಉಪಾಯಗಳನ್ನು ಹೇಳುತ್ತದೆ: ಐದು ಜ್ಞಾನೇಂದ್ರಿಯಗಳು ಮತ್ತು ಪ್ರಶ್ನೆ. ಅದೇ ಗ್ರಂಥದ ಇನ್ನೊಂದು ಅಧ್ಯಾಯದಲ್ಲಿ ಶಿಷ್ಯರು ಸೋರೆಕಾಯಿ, ಸೌತೆಕಾಯಿಯಂತಹ ಕಾಯಿಗಳ ಮೇಲೆ ಕೊಯ್ಯುವುದನ್ನೂ, ಬಟ್ಟೆಯ ಬೊಂಬೆಯ ಮೇಲೆ ಪಟ್ಟಿ ಕಟ್ಟುವುದನ್ನೂ ಅಭ್ಯಾಸ ಮಾಡಬೇಕೆಂದು ಹೇಳಲಾಗಿದೆ. ರೋಗಿಯನ್ನು ಮುಟ್ಟುವ ಮುನ್ನ ಮಾದರಿಗಳ ಮೇಲೆ ಕೈ ಪಳಗಿಸುವ ಇಂದಿನ ಕೌಶಲ ಪ್ರಯೋಗಾಲಯಗಳ ಕಲ್ಪನೆ ಹೊಸದೇನಲ್ಲ.

ಯೂರೋಪಿನಲ್ಲಿ ಹಾಸಿಗೆಯ ಪಕ್ಕದ ಬೋಧನೆಗೆ ನೆದರ್ಲೆಂಡ್ಸ್‌ನ ಲೈಡನ್ ನಗರ ಹೆಸರಾಯಿತು. 1636ರಲ್ಲಿ ಅಲ್ಲಿ ಆರಂಭವಾದ ಈ ಪದ್ಧತಿಯನ್ನು 18ನೆಯ ಶತಮಾನದಲ್ಲಿ ಹರ್ಮನ್ ಬೋರ್ಹಾವ ಕೇವಲ 12 ಹಾಸಿಗೆಗಳ ಬೋಧನಾ ವಾರ್ಡಿನಿಂದಲೇ ಖಂಡದಾದ್ಯಂತ ಪ್ರಸಿದ್ಧಗೊಳಿಸಿದರು. 1761ರಲ್ಲಿ ಲಿಯೋಪೋಲ್ಡ್ ಔಎನ್‌ಬ್ರುಗ್ಗರ್ ಎದೆಯನ್ನು ಬೆರಳಿನಿಂದ ತಟ್ಟಿ ಕೇಳುವ ವಿಧಾನವನ್ನು ಪ್ರಕಟಿಸಿದರು. 1816ರಲ್ಲಿ ರೆನೆ ಲೆನೆಕ್ ಸ್ಟೆತೊಸ್ಕೋಪನ್ನು ರೂಪಿಸಿದರು. ನೋಡುವುದು, ಮುಟ್ಟುವುದು, ತಟ್ಟುವುದು, ಆಲಿಸುವುದು ಎಂಬ ನಾಲ್ಕು ಹಂತಗಳ ಪರೀಕ್ಷಾಕ್ರಮ ಹೀಗೆ ಪೂರ್ಣಗೊಂಡಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ ವಿಲಿಯಂ ಆಸ್ಲರ್ ವಿದ್ಯಾರ್ಥಿಗಳನ್ನು ಉಪನ್ಯಾಸ ಕೊಠಡಿಯಿಂದ ವಾರ್ಡಿಗೆ ಕರೆತಂದು ರೋಗಿಯ ಜವಾಬ್ದಾರಿಯ ಒಂದು ಪಾಲನ್ನು ಅವರಿಗೆ ವಹಿಸಿದರು.

ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದಂತೆ ಎರಡು ಬ್ರಿಟಿಷ್ ಪುಸ್ತಕಗಳು ಈ ಬೋಧನೆಯ ಸ್ವರೂಪವನ್ನು ದೀರ್ಘಕಾಲ ನಿರ್ಧರಿಸಿದವು: ತೀವ್ರ ಹೊಟ್ಟೆನೋವಿನ ಆರಂಭಿಕ ರೋಗನಿರ್ಣಯವನ್ನು ಕುರಿತು 1921ರಲ್ಲಿ ಜಕಾರಿ ಕೋಪ್ ಬರೆದ ಪುಸ್ತಕ ಮತ್ತು ದೈಹಿಕ ಚಿಹ್ನೆಗಳನ್ನು ಕುರಿತು 1927ರಲ್ಲಿ ಹ್ಯಾಮಿಲ್ಟನ್ ಬೈಲಿ ಬರೆದ ಪುಸ್ತಕ. ಎರಡೂ ಪರಿಷ್ಕೃತ ಆವೃತ್ತಿಗಳಲ್ಲಿ ಮುಂದುವರಿದಿವೆ. ಭಾರತದ ಕಾಲೇಜುಗಳಲ್ಲಿ ಇವುಗಳ ಜೊತೆಗೆ ಕೋಲ್ಕತ್ತದ ಎಸ್. ದಾಸ್ ಅವರ ಕ್ಲಿನಿಕಲ್ ಸರ್ಜರಿ ಕೈಪಿಡಿಯು ತಲೆಮಾರುಗಳಿಂದ ಬಳಕೆಯಲ್ಲಿದೆ.

ಮೊದಲ ನೋಟ

ತುರ್ತು ವಿಭಾಗದಲ್ಲಿ ವಿವರವಾದ ರೋಗವೃತ್ತಾಂತಕ್ಕೆ ಕಾಯುವಂತಿಲ್ಲ. ಗಾಯಾಳುಗಳಿಗೆ ಮೊದಲು ಶ್ವಾಸಮಾರ್ಗ, ನಂತರ ಉಸಿರಾಟ, ರಕ್ತಪರಿಚಲನೆ, ಪ್ರಜ್ಞಾಸ್ಥಿತಿ, ಕೊನೆಯಲ್ಲಿ ಬಟ್ಟೆ ಸರಿಸಿ ಇಡೀ ದೇಹದ ಪರಿಶೀಲನೆ ಎಂಬ ಕ್ರಮವನ್ನು ಕಲಿಸಲಾಗುತ್ತದೆ. ಪ್ರತಿ ಹಂತದಲ್ಲಿ ಕಂಡ ತೊಂದರೆಯನ್ನು ಸರಿಪಡಿಸಿಯೇ ಮುಂದಿನ ಹಂತಕ್ಕೆ ಹೋಗಬೇಕು. 1976ರಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಮೂಳೆ ಶಸ್ತ್ರಚಿಕಿತ್ಸಕ ಜೇಮ್ಸ್ ಸ್ಟೈನರ್ ತಾವೇ ಚಲಾಯಿಸುತ್ತಿದ್ದ ವಿಮಾನ ಅಪಘಾತಕ್ಕೀಡಾಗಿ, ಪತ್ನಿಯನ್ನು ಕಳೆದುಕೊಂಡು, ಮಕ್ಕಳೊಂದಿಗೆ ಗಾಯಗೊಂಡಾಗ ಸಿಕ್ಕ ಅಸಮರ್ಪಕ ಚಿಕಿತ್ಸೆಯ ಅನುಭವವೇ ಈ ಕ್ರಮವನ್ನು ಕಲಿಸುವ ತರಬೇತಿ ಶಿಬಿರಗಳ ಹುಟ್ಟಿಗೆ ಕಾರಣವಾಯಿತು. ಇಂದು ಅದು ಅನೇಕ ದೇಶಗಳಲ್ಲಿ ಬೋಧಿಸಲ್ಪಡುವ ಪಠ್ಯ.

ವಿದ್ಯಾರ್ಥಿಗಳನ್ನು ಇಲ್ಲಿ ಹೆಚ್ಚಾಗಿ ದಾರಿ ತಪ್ಪಿಸುವುದು ರಕ್ತದೊತ್ತಡದ ಅಂಕಿ. ಆರೋಗ್ಯವಂತ ಯುವಕನೊಬ್ಬನ ದೇಹದಿಂದ ಒಟ್ಟು ರಕ್ತದ 15ರಿಂದ 30 ಪ್ರತಿಶತ ಹರಿದುಹೋದರೂ, ಅಂದರೆ 70 ಕಿಲೋ ತೂಕದವನಲ್ಲಿ ಸುಮಾರು 750ರಿಂದ 1,500 ಮಿಲಿಲೀಟರ್ ನಷ್ಟವಾದರೂ, ಮಲಗಿರುವಾಗ ಅವನ ರಕ್ತದೊತ್ತಡ ಬಹುತೇಕ ಸಹಜವಾಗಿಯೇ ಕಾಣಬಹುದು. ಅಷ್ಟರಲ್ಲಿ ನಾಡಿ ವೇಗ ಪಡೆದಿರುತ್ತದೆ, ಉಸಿರಾಟ ಚುರುಕಾಗಿರುತ್ತದೆ, ಕೈಕಾಲು ತಣ್ಣಗಾಗಿರುತ್ತವೆ, ರೋಗಿ ಚಡಪಡಿಸುತ್ತಿರುತ್ತಾನೆ. ರಕ್ತದೊತ್ತಡ ಕುಸಿದಾಗ ಮಾತ್ರ ಗಾಬರಿಗೊಳ್ಳುವವನು ತಡಮಾಡಿದವನು. ಹೃದಯದ ಬಡಿತವನ್ನು ತಗ್ಗಿಸುವ ಮಾತ್ರೆಗಳನ್ನು ಸೇವಿಸುವ ವೃದ್ಧರಲ್ಲಿ ನಾಡಿಯೂ ಏರದಿರಬಹುದೆಂಬುದನ್ನು ಇದರೊಂದಿಗೇ ತಿಳಿಸಬೇಕಾಗುತ್ತದೆ. ಪ್ರಜ್ಞೆಯ ಮಟ್ಟವನ್ನು ಅಳೆಯಲು 1974ರಲ್ಲಿ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ರೂಪಿಸಿದ ಗ್ಲಾಸ್ಗೋ ಮಾಪಕವನ್ನು ಬಳಸಲಾಗುತ್ತದೆ. ಇದರ ಕನಿಷ್ಠ ಅಂಕ 3, ಗರಿಷ್ಠ 15. ಅಂಕ 8 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಶ್ವಾಸಮಾರ್ಗದ ರಕ್ಷಣೆಯನ್ನು ಯೋಚಿಸಬೇಕು.

ರೋಗವೃತ್ತಾಂತ

ರೋಗಿಯ ಮಾತನ್ನು ಅವರ ಪದಗಳಲ್ಲೇ ಬರೆದುಕೊಳ್ಳುವುದು ಮೊದಲ ಪಾಠ. ನೋವಿನ ವಿಷಯದಲ್ಲಿ ಅದು ಎಲ್ಲಿ ಆರಂಭವಾಯಿತು, ಥಟ್ಟನೆ ಬಂತೇ ಅಥವಾ ನಿಧಾನವಾಗಿ ಏರಿತೇ, ಯಾವ ಬಗೆಯದು, ಎಲ್ಲಿಗೆ ಹರಡುತ್ತದೆ, ಯಾವುದರಿಂದ ಹೆಚ್ಚುತ್ತದೆ, ಯಾವುದರಿಂದ ತಗ್ಗುತ್ತದೆ, ಜೊತೆಗೆ ಇನ್ನೇನಿದೆ ಎಂದು ಕೇಳಲಾಗುತ್ತದೆ. ಈ ಪ್ರಶ್ನೆಗಳು ಬಾಯಿಪಾಠದ ಪಟ್ಟಿಯಂತೆ ಕಂಡರೂ ಪ್ರತಿಯೊಂದರ ಹಿಂದೆ ದೇಹರಚನೆಯ ಕಾರಣವಿದೆ. ಅಪೆಂಡಿಸೈಟಿಸ್‌ನ ನೋವು ಹೊಕ್ಕುಳ ಸುತ್ತ ಮಂಕಾಗಿ ಆರಂಭವಾಗುವುದು ಕರುಳಿನ ಆ ಭಾಗದ ನರಗಳು ಹೊಕ್ಕುಳ ಮಟ್ಟದ ಚರ್ಮದ ನರಗಳೊಡನೆ ಬೆನ್ನುಹುರಿಯ ಒಂದೇ ಮಟ್ಟವನ್ನು ಸೇರುವುದರಿಂದ. ಉರಿಯೂತವು ಹೊಟ್ಟೆಯ ಒಳಗೋಡೆಯ ಪೊರೆಗೆ ತಲುಪಿದ ಮೇಲೆ ನೋವು ಬಲಗಡೆಯ ಕೆಳಹೊಟ್ಟೆಗೆ ಸರಿದು ನಿರ್ದಿಷ್ಟ ಜಾಗದಲ್ಲಿ ನೆಲೆಯೂರುತ್ತದೆ. ಪಿತ್ತಕೋಶದ ನೋವು ಬಲ ಹೆಗಲ ಮೂಳೆಯ ಕಡೆಗೂ, ಮೇದೋಜೀರಕ ಗ್ರಂಥಿಯ ನೋವು ಬೆನ್ನಿಗೂ, ಮೂತ್ರನಾಳದ ಕಲ್ಲಿನ ನೋವು ತೊಡೆಸಂದಿಗೂ ಹರಡುತ್ತದೆ. ನೋವಿನಿಂದ ಹೊರಳಾಡುವ ರೋಗಿಗೂ ಅಲುಗಾಡದೆ ಮಲಗಿರುವ ರೋಗಿಗೂ ಇರುವ ಅಂತರವನ್ನು ಬಾಗಿಲಲ್ಲೇ ನಿಂತು ಕಾಣಬಹುದು: ಮೊದಲನೆಯವನಲ್ಲಿ ನಾಳವೊಂದು ಕಟ್ಟಿಕೊಂಡಿರುವ ಸಂಭವ ಹೆಚ್ಚು, ಎರಡನೆಯವನಲ್ಲಿ ಹೊಟ್ಟೆಯ ಪೊರೆಯ ಉರಿಯೂತದ ಸಂಭವ ಹೆಚ್ಚು.

ಕರ್ನಾಟಕದ ಆಸ್ಪತ್ರೆಗಳಲ್ಲಿ ಭಾಷೆಯೇ ಪರೀಕ್ಷೆಯ ಒಂದು ಉಪಕರಣ. ಕನ್ನಡ ಮಾತಾಡುವ ರೋಗಿಯು ನೋವನ್ನು ಚುಚ್ಚುವುದು, ಹಿಂಡುವುದು, ಕಿವುಚುವುದು, ಸೆಳೆಯುವುದು, ಉರಿಯುವುದು ಎಂದು ಬೇರೆ ಬೇರೆಯಾಗಿ ಹೇಳುತ್ತಾರೆ. ಕರುಳು ಕಟ್ಟಿದಾಗ ಬಂದು ಬಂದು ಹೋಗುವ ನೋವಿಗೂ ಪೆಪ್ಟಿಕ್ ಹುಣ್ಣಿನ ಉರಿಗೂ ಇರುವ ಭೇದ ಈ ಕ್ರಿಯಾಪದಗಳಲ್ಲೇ ಅಡಗಿರುತ್ತದೆ. ಮಲವಿಸರ್ಜನೆಗೆ 'ಹೊರಕಡೆಗೆ ಹೋಗುವುದು' ಎಂದೂ ಮುಟ್ಟಿಗೆ 'ಹೊರಗಾಗುವುದು' ಎಂದೂ ಹೇಳುವ ರೂಢಿ ಹಲವೆಡೆ ಇದೆ. ಇದನ್ನರಿಯದ ವಿದ್ಯಾರ್ಥಿಯು ಒಂದನ್ನು ಕೇಳಿ ಇನ್ನೊಂದನ್ನು ಬರೆದುಕೊಳ್ಳಬಹುದು. ಕರುಳು ಪೂರ್ತಿಯಾಗಿ ಕಟ್ಟಿಕೊಂಡಿದೆಯೇ ಎಂಬುದು 'ಗಾಳಿಯಾದರೂ ಹೋಗುತ್ತಿದೆಯೇ' ಎಂಬ ಸರಳ ಪ್ರಶ್ನೆಯಿಂದ ಬಹಳ ಮಟ್ಟಿಗೆ ತಿಳಿಯುತ್ತದೆ. 'ಗ್ಯಾಸ್' ಎಂಬ ದೂರನ್ನು ಮಾತ್ರ ಎಂದೂ ಹಾಗೆಯೇ ಒಪ್ಪಿಕೊಳ್ಳಬಾರದು. ಎದೆಯುರಿಯಿಂದ ಹಿಡಿದು ಹೃದಯಾಘಾತದವರೆಗೆ ಎಲ್ಲವೂ ಆ ಒಂದು ಪದದೊಳಗೆ ಬರುತ್ತವೆ.

ಹಿಂದಿನ ಕಾಯಿಲೆಗಳು, ಹಿಂದೆ ಆದ ಶಸ್ತ್ರಚಿಕಿತ್ಸೆಗಳು, ಸೇವಿಸುತ್ತಿರುವ ಔಷಧಗಳು, ಅಲರ್ಜಿ, ತಂಬಾಕು ಮತ್ತು ಮದ್ಯ, ಕೊನೆಯದಾಗಿ ಊಟ ಮಾಡಿದ ಹೊತ್ತು ಇವೂ ದಾಖಲಾಗಬೇಕು. ಮಕ್ಕಳಾಗುವ ವಯಸ್ಸಿನ ಪ್ರತಿಯೊಬ್ಬ ಸ್ತ್ರೀಯ ಹೊಟ್ಟೆನೋವಿನಲ್ಲೂ ಕೊನೆಯ ಮುಟ್ಟಿನ ದಿನಾಂಕವನ್ನು ಕೇಳಿ, ಗರ್ಭಪರೀಕ್ಷೆ ಮಾಡಿಸಬೇಕೆಂಬುದು ನಿಯಮ. ಗರ್ಭಕೋಶದ ಹೊರಗೆ ಬೆಳೆದ ಗರ್ಭ ಒಡೆದರೆ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಸಂಚಕಾರ ಬರಬಹುದು, ಮದುವೆಯಾಗಿಲ್ಲ ಎಂಬ ಕಾರಣಕ್ಕೆ ಈ ಪ್ರಶ್ನೆಯನ್ನು ಬಿಡುವಂತಿಲ್ಲ. ಅದನ್ನು ಮನೆಯವರನ್ನು ಹೊರಗೆ ಕಳುಹಿಸಿ, ರೋಗಿಯೊಬ್ಬರೇ ಇರುವಾಗ ಕೇಳಬೇಕೆಂಬುದನ್ನೂ ಕಲಿಸಬೇಕಾಗುತ್ತದೆ.

ಹೊಟ್ಟೆಯ ಪರೀಕ್ಷೆ

ಶಸ್ತ್ರಚಿಕಿತ್ಸಾ ಬೋಧನೆಯ ಬಹುಪಾಲು ಸಮಯ ಹೊಟ್ಟೆಯ ಪರೀಕ್ಷೆಗೆ ಮೀಸಲಾಗಿರುತ್ತದೆ. ರೋಗಿಯು ಬೆನ್ನ ಮೇಲೆ ಮಲಗಿ, ಮಂಡಿಗಳನ್ನು ಸ್ವಲ್ಪ ಮಡಿಸಿರಬೇಕು. ಪರೀಕ್ಷಕನು ಬಲಗಡೆ ನಿಂತು ಅಥವಾ ಕುಳಿತು, ಮುಂಗೈ ಹಾಸಿಗೆಗೆ ಸಮಾನಾಂತರವಾಗಿರುವಂತೆ ನೋಡಿಕೊಳ್ಳಬೇಕು. ಕೈ ಬೆಚ್ಚಗಿರಬೇಕು. ತಣ್ಣನೆಯ ಕೈ ತಗುಲಿದೊಡನೆ ಸ್ನಾಯುಗಳು ಬಿಗಿಯುತ್ತವೆ, ಆ ಬಿಗಿತವನ್ನು ರೋಗಚಿಹ್ನೆಯೆಂದು ತಿಳಿಯುವ ತಪ್ಪು ಸಾಮಾನ್ಯ. ಮುಟ್ಟುವ ಮುನ್ನ ನೋಡಬೇಕು: ಹೊಟ್ಟೆ ಉಸಿರಿನೊಡನೆ ಚಲಿಸುತ್ತಿದೆಯೇ, ಉಬ್ಬಿದೆಯೇ, ಹಳೆಯ ಕಲೆಗಳಿವೆಯೇ? ಕರುಳು ಕಟ್ಟಿಕೊಂಡ ರೋಗಿಯಲ್ಲಿ ಹಿಂದಿನ ಶಸ್ತ್ರಚಿಕಿತ್ಸೆಯ ಕಲೆಯು ಕಾರಣವನ್ನೇ ಸೂಚಿಸಬಹುದು, ಏಕೆಂದರೆ ಒಳಗೆ ಉಳಿದ ಅಂಟುಗಳು ಕರುಳನ್ನು ಹಿಡಿದಿರುತ್ತವೆ.

ನೋವು ಎಲ್ಲಿದೆ ಎಂದು ಕೇಳಿ, ಅಲ್ಲಿಂದ ಅತಿ ದೂರದ ಭಾಗದಲ್ಲಿ ಹಗುರವಾಗಿ ಒತ್ತಲು ಆರಂಭಿಸಬೇಕು. ಒತ್ತುವಾಗ ಕಣ್ಣು ಕೈಯ ಮೇಲಲ್ಲ, ರೋಗಿಯ ಮುಖದ ಮೇಲಿರಬೇಕು. ಈ ಒಂದು ಸೂಚನೆಯನ್ನು ಪಾಲಿಸಿದ ವಿದ್ಯಾರ್ಥಿಗೆ ರೋಗಿ 'ನೋವಾಗುತ್ತಿದೆ' ಎಂದು ಹೇಳುವ ಮುನ್ನವೇ ಉತ್ತರ ಸಿಕ್ಕಿರುತ್ತದೆ. 1889ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಮ್ಯಾಕ್‌ಬರ್ನಿ ಅಪೆಂಡಿಸೈಟಿಸ್‌ನಲ್ಲಿ ಅತಿ ಹೆಚ್ಚು ನೋಯುವ ಬಿಂದುವನ್ನು ವಿವರಿಸಿದರು. ಬಲ ಸೊಂಟದ ಮೂಳೆಯ ಮುಂತುದಿಯಿಂದ ಹೊಕ್ಕುಳಿಗೆ ಗೆರೆ ಎಳೆದರೆ, ಮೂಳೆಯ ಕಡೆಯಿಂದ ಮೂರನೆಯ ಒಂದು ಭಾಗದಷ್ಟು ದೂರದಲ್ಲಿ ಆ ಬಿಂದು ಬರುತ್ತದೆ. 1907ರಲ್ಲಿ ಡೆನ್ಮಾರ್ಕಿನ ಥೋರ್ಕಿಲ್ಡ್ ರೋವ್ಸಿಂಗ್ ಎಡಗಡೆ ಒತ್ತಿದಾಗ ಬಲಗಡೆ ನೋಯುವುದನ್ನು ವರದಿ ಮಾಡಿದರು. ಒತ್ತಿದ ಕೈಯನ್ನು ಥಟ್ಟನೆ ತೆಗೆದಾಗ ಆಗುವ ನೋವನ್ನು ಗುರುತಿಸಿದ್ದು ಬ್ಲುಂಬರ್ಗ್. ಈ ಕೊನೆಯ ಪರೀಕ್ಷೆ ರೋಗಿಗೆ ಅನಗತ್ಯ ಯಾತನೆ ಕೊಡುತ್ತದೆಂಬ ಕಾರಣದಿಂದ ಇಂದಿನ ಅನೇಕ ಬೋಧಕರು ಅದರ ಬದಲು ಬೆರಳಿನಿಂದ ಹಗುರವಾಗಿ ತಟ್ಟುವುದನ್ನು ಅಥವಾ ರೋಗಿಗೆ ಕೆಮ್ಮಲು ಹೇಳುವುದನ್ನು ಕಲಿಸುತ್ತಾರೆ. ಸಿಗುವ ಮಾಹಿತಿ ಬಹುತೇಕ ಒಂದೇ, ಹಾಗಾಗಿ ಈ ಬದಲಾವಣೆ ಸರಿಯಾದದ್ದೇ. ಬಲ ಪಕ್ಕೆಯ ಕೆಳಗೆ ಕೈಯಿಟ್ಟು ಆಳವಾಗಿ ಉಸಿರೆಳೆಯಲು ಹೇಳಿದಾಗ ನೋವಿನಿಂದ ಉಸಿರು ಅರ್ಧಕ್ಕೆ ನಿಂತರೆ ಅದು ಪಿತ್ತಕೋಶದ ಉರಿಯೂತವನ್ನು ಸೂಚಿಸುತ್ತದೆ. ಷಿಕಾಗೋದ ಜಾನ್ ಮರ್ಫಿ ಅವರ ಹೆಸರಿನಿಂದ ಈ ಚಿಹ್ನೆ ಪ್ರಸಿದ್ಧವಾಗಿದೆ.

ಜಠರ ಅಥವಾ ಕರುಳಿನಲ್ಲಿ ರಂಧ್ರವಾದಾಗ ಹೊಟ್ಟೆ ಹಲಗೆಯಂತೆ ಗಟ್ಟಿಯಾಗುತ್ತದೆ. ಒಳಗೆ ತುಂಬಿದ ಗಾಳಿಯಿಂದಾಗಿ ಯಕೃತ್ತಿನ ಮೇಲೆ ತಟ್ಟಿದಾಗ ಸಹಜವಾಗಿ ಬರಬೇಕಾದ ಮಂದ ಶಬ್ದ ಬರುವುದಿಲ್ಲ. ಟೈಫಾಯ್ಡ್ ಇನ್ನೂ ಕಾಣಿಸಿಕೊಳ್ಳುವ ಭಾರತದಲ್ಲಿ, ಎರಡು ಮೂರು ವಾರಗಳ ಜ್ವರದ ನಂತರ ಇದ್ದಕ್ಕಿದ್ದಂತೆ ಹೊಟ್ಟೆನೋವು ಬಂದರೆ ಸಣ್ಣ ಕರುಳಿನ ರಂಧ್ರವನ್ನು ಸಂಶಯಿಸಬೇಕು. ಜ್ವರದಿಂದ ಬಸವಳಿದ ಇಂತಹ ರೋಗಿಯಲ್ಲಿ ಹೊಟ್ಟೆಯ ಬಿಗಿತ ನಿರೀಕ್ಷಿಸಿದಷ್ಟು ಇರುವುದಿಲ್ಲ.

ಪರೀಕ್ಷೆಯು ಹೊಕ್ಕುಳ ಕೆಳಗೆ ನಿಂತುಬಿಡುವುದೇ ವಿದ್ಯಾರ್ಥಿಗಳ ಅತಿ ದೊಡ್ಡ ಲೋಪ. ತೊಡೆಸಂದು, ವೃಷಣ ಮತ್ತು ಗುದದ್ವಾರವನ್ನು ಪರೀಕ್ಷಿಸದ ಹೊಟ್ಟೆ ಪರೀಕ್ಷೆ ಅಪೂರ್ಣ. ಹದಿಹರೆಯದ ಹುಡುಗನು ಸಂಕೋಚದಿಂದ ಕೆಳಹೊಟ್ಟೆ ನೋವೆಂದಷ್ಟೇ ಹೇಳಿ ಸುಮ್ಮನಾಗಬಹುದು. ನಿಜವಾದ ಕಾಯಿಲೆ ವೃಷಣ ತಿರುಚಿಕೊಂಡಿರುವುದಾಗಿದ್ದರೆ ಸುಮಾರು 6 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾದಾಗ ಅದನ್ನು ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚು, ನಂತರದ ಪ್ರತಿ ಗಂಟೆಗೂ ಅದು ಇಳಿಯುತ್ತ ಹೋಗುತ್ತದೆ. ವಾಂತಿ ಮಾಡಿಕೊಳ್ಳುತ್ತಿರುವ ವೃದ್ಧೆಯ ಸೀರೆಯ ನೆರಿಗೆಯ ಕೆಳಗೆ, ತೊಡೆಯ ಬುಡದಲ್ಲಿ, ಅಡಿಕೆಯಷ್ಟು ಸಣ್ಣ ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡಿರಬಹುದು. ಎರಡನ್ನೂ ಕಂಡುಹಿಡಿಯಲು ಯಂತ್ರ ಬೇಡ, ಬಟ್ಟೆ ಸರಿಸಿ ನೋಡಿದರೆ ಸಾಕು.

ಹೊಟ್ಟೆನೋವಿನ ಎಲ್ಲ ಕಾರಣಗಳೂ ಹೊಟ್ಟೆಯಲ್ಲಿರುವುದಿಲ್ಲ. ಶ್ವಾಸಕೋಶದ ಕೆಳಭಾಗದ ನ್ಯುಮೋನಿಯಾ, ಹೃದಯದ ಕೆಳಗೋಡೆಯ ಆಘಾತ ಮತ್ತು ಮಧುಮೇಹದ ಕೀಟೋಅಸಿಡೋಸಿಸ್ ಇವು ಶಸ್ತ್ರಚಿಕಿತ್ಸಾ ವಾರ್ಡಿಗೆ ತಪ್ಪಾಗಿ ದಾಖಲಾಗುವ ಕಾಯಿಲೆಗಳು. ರಾತ್ರಿ ನೆಲದ ಮೇಲೆ ಮಲಗಿದ್ದವರಿಗೆ ಕಟ್ಟುಹಾವು ಕಚ್ಚಿದಾಗ ಕಚ್ಚಿದ ಗುರುತೇ ಕಾಣದೆ, ನಸುಕಿನಲ್ಲಿ ಹೊಟ್ಟೆನೋವು ಮಾತ್ರ ಕಾಣಿಸಿಕೊಳ್ಳಬಹುದು. ಕಣ್ಣಿನ ರೆಪ್ಪೆ ಜೋತುಬೀಳುತ್ತಿದೆಯೇ ಎಂದು ನೋಡಬೇಕೆಂಬ ಮಾತು ಭಾರತದ ಗ್ರಾಮೀಣ ಆಸ್ಪತ್ರೆಗಳ ಬೋಧನೆಯಲ್ಲಿ ಇದಕ್ಕಾಗಿಯೇ ಬರುತ್ತದೆ.

ನೋವು ನಿವಾರಕದ ವಿವಾದ

ನೋವು ನಿವಾರಕ ಕೊಟ್ಟರೆ ಚಿಹ್ನೆಗಳು ಮರೆಯಾಗಿ ರೋಗನಿರ್ಣಯ ತಪ್ಪುತ್ತದೆ, ಆದ್ದರಿಂದ ಶಸ್ತ್ರಚಿಕಿತ್ಸಕರು ನೋಡುವವರೆಗೆ ಔಷಧ ಕೊಡಬಾರದು ಎಂಬ ಬೋಧನೆ ಇಪ್ಪತ್ತನೆಯ ಶತಮಾನದ ಬಹುಭಾಗ ನಡೆದುಬಂತು. ಕೋಪ್ ಅವರ ಪುಸ್ತಕದ ಆರಂಭಿಕ ಆವೃತ್ತಿಗಳ ಎಚ್ಚರಿಕೆ ಇದಕ್ಕೆ ಬಲ ಕೊಟ್ಟಿತ್ತು. ಎಕ್ಸ್-ರೇ ಬಿಟ್ಟರೆ ಬೇರೆ ಚಿತ್ರಣ ವಿಧಾನಗಳಿಲ್ಲದ ಕಾಲದಲ್ಲಿ, ದೊಡ್ಡ ಪ್ರಮಾಣದ ಮಾರ್ಫಿನ್ ಕೊಡುತ್ತಿದ್ದ ಸಂದರ್ಭದಲ್ಲಿ, ಆ ಎಚ್ಚರಿಕೆಗೆ ಅರ್ಥವಿತ್ತು. ಮುಂದೆ ನಡೆದ ಯಾದೃಚ್ಛಿಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಪರಾಮರ್ಶೆಯು, ತೀವ್ರ ಹೊಟ್ಟೆನೋವಿನಲ್ಲಿ ಓಪಿಯಾಯ್ಡ್ ನೋವು ನಿವಾರಕಗಳು ರೋಗನಿರ್ಣಯದ ತಪ್ಪುಗಳನ್ನು ಹೆಚ್ಚಿಸುವುದಿಲ್ಲವೆಂಬ ನಿರ್ಣಯಕ್ಕೆ ಬಂದಿತು. ನೋವು ಕಡಿಮೆಯಾದ ರೋಗಿಯು ಹೊಟ್ಟೆಯನ್ನು ಸಡಿಲಬಿಟ್ಟು ಪರೀಕ್ಷೆಗೆ ಸಹಕರಿಸುತ್ತಾನೆ, ನೋಯುವ ಜಾಗ ಇನ್ನಷ್ಟು ಸ್ಪಷ್ಟವಾಗುವುದೂ ಉಂಟು. ಆದರೂ ಹಳೆಯ ನಿಯಮ ಬಾಯಿಂದ ಬಾಯಿಗೆ ಸಾಗಿ ಕೆಲವು ವಾರ್ಡುಗಳಲ್ಲಿ ಉಳಿದುಕೊಂಡಿದೆ. ಹಿರಿಯರು ಹೇಳಿದ್ದನ್ನು ಪ್ರಶ್ನಿಸದೆ ಕಲಿಯುವ ಪದ್ಧತಿಯಲ್ಲಿ ರೋಗಿ ತೆರುವ ಬೆಲೆಗೆ ಇದು ಒಂದು ಉದಾಹರಣೆ.

ಗಂಟು ಮತ್ತು ಹುಣ್ಣು

ಹೊರರೋಗಿ ವಿಭಾಗದ ಬೋಧನೆ ಹೆಚ್ಚಾಗಿ ಗಂಟುಗಳ ಸುತ್ತ ನಡೆಯುತ್ತದೆ. ಜಾಗ, ಗಾತ್ರ, ಆಕಾರ, ಮೇಲ್ಮೈ, ಅಂಚು, ಗಡಸುತನ, ಉಷ್ಣತೆ, ನೋವು ಮತ್ತು ಚಲನೆಯನ್ನು ವಿದ್ಯಾರ್ಥಿ ವಿವರಿಸಬೇಕು. ಗಡಸುತನವನ್ನು ಕಲಿಸಲು ಬೋಧಕರು ವಿದ್ಯಾರ್ಥಿಯ ಮುಖವನ್ನೇ ಅಳತೆಗೋಲಾಗಿ ಬಳಸುತ್ತಾರೆ: ತುಟಿಯಷ್ಟು ಮೆತ್ತಗೆ, ಮೂಗಿನ ತುದಿಯಷ್ಟು ಬಿಗಿ, ಹಣೆಯಷ್ಟು ಗಟ್ಟಿ. ನುಂಗಿದಾಗ ಮೇಲೇರುವ ಕುತ್ತಿಗೆಯ ಗಂಟು ಥೈರಾಯ್ಡ್‌ಗೆ ಸೇರಿದ್ದು, ನಾಲಗೆ ಚಾಚಿದಾಗಲೂ ಏರಿದರೆ ಥೈರೋಗ್ಲಾಸಲ್ ನಾಳದ ನೀರುಗಂಟು. ಕೆಮ್ಮಿದಾಗ ಉಬ್ಬುವ, ಒತ್ತಿದರೆ ಒಳಸೇರುವ ತೊಡೆಸಂದಿನ ಗಂಟು ಹರ್ನಿಯಾ. ಕತ್ತಲಲ್ಲಿ ಟಾರ್ಚ್ ಹಿಡಿದಾಗ ಕೆಂಪಗೆ ಬೆಳಗುವುದು ತಿಳಿನೀರು ತುಂಬಿದ ಗಂಟು.

ಗಂಟನ್ನು ಮಾತ್ರ ನೋಡಿ, ಅದರ ಮೂಲವನ್ನೂ ದುಗ್ಧಗ್ರಂಥಿಗಳನ್ನೂ ನೋಡದಿರುವುದು ಇಲ್ಲಿಯ ಲೋಪ. ಕುತ್ತಿಗೆಯಲ್ಲಿ ಗಟ್ಟಿಯಾದ ಗ್ರಂಥಿ ಸಿಕ್ಕರೆ ಬಾಯಿ ತೆರೆಸಿ ನೋಡಲೇಬೇಕು. ಎಲೆಅಡಿಕೆಯೊಂದಿಗೆ ಹೊಗೆಸೊಪ್ಪು ಜಗಿಯುವುದು ಮತ್ತು ಗುಟ್ಕಾ ಸೇವನೆ ವ್ಯಾಪಕವಾಗಿರುವ ನಾಡಿನಲ್ಲಿ ಕೆನ್ನೆಯ ಒಳಭಾಗದ ಕ್ಯಾನ್ಸರ್ ಸಾಮಾನ್ಯ. ಸ್ತನದ ಗಂಟಿನಲ್ಲಿ ಕೈಯ ಪರೀಕ್ಷೆ, ಚಿತ್ರಣ ಮತ್ತು ಅಂಗಾಂಶ ಪರೀಕ್ಷೆ ಮೂರೂ ಸೇರಿದರೆ ಮಾತ್ರ ನಿರ್ಣಯ. ಕೈಗೆ ಸಾಧಾರಣ ಗಂಟಿನಂತೆ ತೋರಿತೆಂದು ಉಳಿದೆರಡನ್ನು ಬಿಡುವಂತಿಲ್ಲ. ಕಾಮಾಲೆಯ ರೋಗಿಯಲ್ಲಿ ನೋವಿಲ್ಲದೆ ಹಿಗ್ಗಿದ ಪಿತ್ತಕೋಶ ಕೈಗೆ ಸಿಕ್ಕರೆ ಕಾರಣ ಕಲ್ಲಾಗಿರುವ ಸಾಧ್ಯತೆ ಕಡಿಮೆ, ಗಡ್ಡೆಯನ್ನು ಸಂಶಯಿಸಬೇಕು. 1890ರಲ್ಲಿ ಸ್ವಿಟ್ಜರ್ಲೆಂಡಿನ ಲುಡ್ವಿಗ್ ಕೂರ್ವಾಸಿಯೇ ಇದನ್ನು ಗಮನಕ್ಕೆ ತಂದರು.

ಹುಣ್ಣಿನ ಅಂಚು ಅದರ ಚರಿತ್ರೆಯನ್ನು ಹೇಳುತ್ತದೆ. ಇಳಿಜಾರಾದ ಅಂಚು ಮಾಯುತ್ತಿರುವ ಹುಣ್ಣಿನದು, ಚರ್ಮದ ಕೆಳಗೆ ಕೊರೆದ ಅಂಚು ಕ್ಷಯದ್ದು, ಹೊರಕ್ಕೆ ಮಗುಚಿದ ಅಂಚು ಸ್ಕ್ವೇಮಸ್ ಕೋಶದ ಕ್ಯಾನ್ಸರಿನದು. ಮಧುಮೇಹಿಗಳ ಪಾದದ ಹುಣ್ಣಿನಲ್ಲಿ ಹುಣ್ಣಿಗಿಂತ ಮೊದಲು ಪಾದದ ನಾಡಿಯನ್ನೂ ಸ್ಪರ್ಶಜ್ಞಾನವನ್ನೂ ನೋಡಬೇಕು. ರಕ್ತವೇ ಹರಿಯದ ಪಾದಕ್ಕೆ ಎಷ್ಟು ಪಟ್ಟಿ ಕಟ್ಟಿದರೂ ಗಾಯ ಮಾಯುವುದಿಲ್ಲ.

ಶಸ್ತ್ರಚಿಕಿತ್ಸೆಯ ಹಿಂದೆ ಮುಂದೆ

ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯು ಅದನ್ನು ತಾಳಬಲ್ಲನೇ ಎಂಬುದನ್ನು ಅಂದಾಜಿಸಬೇಕು. ಅಮೆರಿಕದ ಅರಿವಳಿಕೆ ತಜ್ಞರ ಸಂಘದ ವರ್ಗೀಕರಣ ಇದಕ್ಕೆ ಬಳಕೆಯಲ್ಲಿದೆ. ಅದರಲ್ಲಿ ಪೂರ್ಣ ಆರೋಗ್ಯವಂತನು ಒಂದನೆಯ ವರ್ಗಕ್ಕೆ, ಶಸ್ತ್ರಚಿಕಿತ್ಸೆಯಾಗದಿದ್ದರೆ ಬದುಕುಳಿಯುವ ನಿರೀಕ್ಷೆಯಿಲ್ಲದ ರೋಗಿ ಐದನೆಯ ವರ್ಗಕ್ಕೆ ಸೇರುತ್ತಾರೆ. ನಿಲ್ಲದೆ ಎರಡು ಮಹಡಿಗಳ ಮೆಟ್ಟಿಲು ಹತ್ತಬಲ್ಲಿರಾ ಎಂಬ ಪ್ರಶ್ನೆ ಹೃದಯ ಮತ್ತು ಶ್ವಾಸಕೋಶದ ಶಕ್ತಿಯ ಬಗ್ಗೆ ತಕ್ಕಮಟ್ಟಿನ ಸುಳಿವು ಕೊಡುತ್ತದೆ. ಯಾವ ಬದಿಗೆ ಶಸ್ತ್ರಚಿಕಿತ್ಸೆ ಎಂಬುದನ್ನು ರೋಗಿ ಎಚ್ಚರವಿರುವಾಗಲೇ ಅವರನ್ನು ಕೇಳಿ ಚರ್ಮದ ಮೇಲೆ ಗುರುತು ಮಾಡಬೇಕು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ 19 ಅಂಶಗಳ ಸುರಕ್ಷತಾ ಪಟ್ಟಿಯಲ್ಲಿ ಇದೂ ಸೇರಿದೆ. ನವದೆಹಲಿಯೂ ಸೇರಿದಂತೆ 8 ನಗರಗಳಲ್ಲಿ ಆ ಪಟ್ಟಿಯನ್ನು ಪರೀಕ್ಷಿಸಿದಾಗ ಸಾವಿನ ಪ್ರಮಾಣ 1.5 ಪ್ರತಿಶತದಿಂದ 0.8ಕ್ಕೆ ಇಳಿದಿತ್ತು.

ಶಸ್ತ್ರಚಿಕಿತ್ಸೆಯ ನಂತರದ ಪರೀಕ್ಷೆಯನ್ನು ವಿದ್ಯಾರ್ಥಿಗಳಿಗೆ ಕಡಿಮೆ ಕಲಿಸಲಾಗುತ್ತದೆ, ಇದು ಪಠ್ಯಕ್ರಮದ ಹಳೆಯ ಕೊರತೆ. ಗಂಟೆಗೆ ಪ್ರತಿ ಕಿಲೋ ತೂಕಕ್ಕೆ 0.5 ಮಿಲಿಲೀಟರಿಗಿಂತ ಕಡಿಮೆ ಮೂತ್ರ ಬರುತ್ತಿದ್ದರೆ ಕಾರಣ ಹುಡುಕಬೇಕು. ಕರುಳು ಜೋಡಿಸಿದ ರೋಗಿಯಲ್ಲಿ ಮೊದಲ ವಾರದ ಒಳಗೆ ಕಾರಣವಿಲ್ಲದೆ ನಾಡಿ ಏರತೊಡಗಿದರೆ ಹೊಲಿಗೆ ಸೋರುತ್ತಿರಬಹುದು, ಜ್ವರಕ್ಕೂ ಹೊಟ್ಟೆಯ ಬಿಗಿತಕ್ಕೂ ಕಾಯುತ್ತ ಕೂರಬಾರದು.

ಬೋಧನೆಯ ರೀತಿ

ಭಾರತದಲ್ಲಿ ವಿದ್ಯಾರ್ಥಿಯು ರೋಗಿಯನ್ನು ಪರೀಕ್ಷಿಸಿ, ಬರೆದು, ಗುಂಪಿನ ಮುಂದೆ ಮಂಡಿಸಿ, ಅಧ್ಯಾಪಕರ ಪ್ರಶ್ನೆಗಳಿಗೆ ಉತ್ತರಿಸುವ ಕ್ರಮ ನಡೆದುಬಂದಿದೆ. ಅಂತಿಮ ಪರೀಕ್ಷೆಯ ದೀರ್ಘ ಮತ್ತು ಕಿರು ರೋಗಿಮಂಡನೆಗಳು ಇದರ ವಿಸ್ತರಣೆಯೇ. ಈ ಕ್ರಮದ ದೋಷವೆಂದರೆ ವಿದ್ಯಾರ್ಥಿ ಮಂಡಿಸಿದ್ದನ್ನು ಪರೀಕ್ಷಕರು ಕೇಳುತ್ತಾರೆ, ಅವನು ರೋಗಿಯನ್ನು ಮುಟ್ಟಿದ್ದನ್ನು ಯಾರೂ ನೋಡಿರುವುದಿಲ್ಲ. 1975ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ಹಲವು ಮೇಜುಗಳ ನಡುವೆ ಸುತ್ತಿ, ಪ್ರತಿಯೊಂದರಲ್ಲಿ ಒಂದು ಕೌಶಲವನ್ನು ಪರೀಕ್ಷಕರ ಎದುರೇ ಮಾಡಿ ತೋರಿಸುವ ಪರೀಕ್ಷಾವಿಧಾನವನ್ನು ಪ್ರಕಟಿಸಿದರು. 1990ರಲ್ಲಿ ಜಾರ್ಜ್ ಮಿಲ್ಲರ್ ಸಾಮರ್ಥ್ಯವನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದರು: ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ಕೆಲಸದಲ್ಲಿ ಮಾಡುವುದು. ಭಾರತದಲ್ಲಿ 2019ರ ಪ್ರವೇಶದಿಂದ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಎಂಬಿಬಿಎಸ್ ಪಠ್ಯಕ್ರಮವು ಇದೇ ವಿಂಗಡಣೆಯನ್ನು ಅನುಸರಿಸುತ್ತದೆ. ಮೊದಲ ವರ್ಷದಿಂದಲೇ ರೋಗಿಗಳ ಸಂಪರ್ಕ, ಕೌಶಲಗಳ ದಿನಚರಿ ಪುಸ್ತಕ, ನಡವಳಿಕೆ ಮತ್ತು ಸಂವಹನದ ಪ್ರತ್ಯೇಕ ಪಾಠಗಳು ಅದರಲ್ಲಿವೆ. ಆರಂಭದ ಬುನಾದಿ ಶಿಕ್ಷಣದಲ್ಲಿ ಸ್ಥಳೀಯ ಭಾಷೆಯ ಕಲಿಕೆಯೂ ಸೇರಿದೆ, ಹೊರರಾಜ್ಯಗಳಿಂದ ಕರ್ನಾಟಕಕ್ಕೆ ಬರುವ ವಿದ್ಯಾರ್ಥಿಗಳಿಗೆ ಇದರ ಪ್ರಯೋಜನ ನೇರವಾದದ್ದು.

ಚಿಹ್ನೆಗಳ ಮಿತಿ

ಯಾವ ಒಂದು ಚಿಹ್ನೆಯೂ ತಾನೊಂದೇ ನಿರ್ಣಾಯಕವಲ್ಲ. 1986ರಲ್ಲಿ ಆಲ್ಫ್ರೆಡೊ ಅಲ್ವರಾಡೊ ರೂಪಿಸಿದ 10 ಅಂಕಗಳ ಪಟ್ಟಿಯು ಅಪೆಂಡಿಸೈಟಿಸ್‌ನ ಲಕ್ಷಣ, ಚಿಹ್ನೆ ಮತ್ತು ರಕ್ತಪರೀಕ್ಷೆಗಳನ್ನು ಒಟ್ಟುಗೂಡಿಸುತ್ತದೆ. ಬಲಗಡೆಯ ಒತ್ತುನೋವಿಗೆ ಮತ್ತು ಬಿಳಿರಕ್ತಕಣಗಳ ಏರಿಕೆಗೆ ತಲಾ 2 ಅಂಕ, ಉಳಿದ ಆರಕ್ಕೆ ತಲಾ 1. ವೃದ್ಧರಲ್ಲಿ, ಮಧುಮೇಹಿಗಳಲ್ಲಿ, ಸ್ಟೀರಾಯ್ಡ್ ಸೇವಿಸುವವರಲ್ಲಿ ಚಿಹ್ನೆಗಳು ಮಂಕಾಗಿರುತ್ತವೆ. ಗರ್ಭಿಣಿಯರಲ್ಲಿ ನೋವಿನ ಜಾಗವೇ ಸರಿದಿರಬಹುದು. ಅಲ್ಟ್ರಾಸೌಂಡ್ ಮತ್ತು ಸಿಟಿ ಸ್ಕ್ಯಾನ್ ಬಂದ ಮೇಲೆ ಅನಗತ್ಯ ಶಸ್ತ್ರಚಿಕಿತ್ಸೆಗಳು ಕಡಿಮೆಯಾಗಿವೆ, ಜೊತೆಗೇ ಕೈಯಿಂದ ಪರೀಕ್ಷಿಸುವ ಅಭ್ಯಾಸವೂ ಕುಂದಿದೆಯೆಂಬ ಆಕ್ಷೇಪವಿದೆ. ಯಾವ ಸ್ಕ್ಯಾನ್, ಎಷ್ಟು ತುರ್ತಾಗಿ ಬೇಕು ಎಂಬುದನ್ನು ತೀರ್ಮಾನಿಸುವುದು ಮೊದಲ ಪರೀಕ್ಷೆಯೇ. ಸ್ಪಷ್ಟವಾಗದಿದ್ದಾಗ ಕೆಲವು ಗಂಟೆಗಳ ನಂತರ ಅದೇ ವ್ಯಕ್ತಿ ಮತ್ತೆ ಪರೀಕ್ಷಿಸಿ ಹೋಲಿಸುವುದು ಹಳೆಯದಾದರೂ ಉಪಯುಕ್ತ ಕ್ರಮ. ಅದಕ್ಕಾಗಿ ಪ್ರತಿ ಟಿಪ್ಪಣಿಯಲ್ಲೂ ದಿನಾಂಕದೊಂದಿಗೆ ಗಂಟೆಯನ್ನೂ ಬರೆಯಬೇಕು.

ರೋಗಿಯ ಒಪ್ಪಿಗೆ

ಬೋಧನಾ ಆಸ್ಪತ್ರೆಗೆ ಬಂದ ಮಾತ್ರಕ್ಕೆ ರೋಗಿಯು ವಿದ್ಯಾರ್ಥಿಗಳಿಂದ ಪರೀಕ್ಷಿಸಿಕೊಳ್ಳಲು ಒಪ್ಪಿದಂತಾಗುವುದಿಲ್ಲ. ಸರ್ಕಾರಿ ಆಸ್ಪತ್ರೆಗಳ ಬಡ ರೋಗಿಗಳು ಬೇಡವೆನ್ನಲು ಹಿಂಜರಿಯುತ್ತಾರೆ, ಬೇಡವೆಂದರೆ ಚಿಕಿತ್ಸೆಗೆ ತೊಂದರೆಯಾದೀತೆಂದು ಅಂಜುತ್ತಾರೆ. ವಿದ್ಯಾರ್ಥಿಯು ತನ್ನ ಹೆಸರು ಹೇಳಿ, ತಾನಿನ್ನೂ ವಿದ್ಯಾರ್ಥಿಯೆಂದು ತಿಳಿಸಿ, ಏನು ಮಾಡುವೆನೆಂದು ವಿವರಿಸಿ, ಒಪ್ಪಿಗೆ ಕೇಳಬೇಕು. ಒಪ್ಪದಿದ್ದರೂ ಚಿಕಿತ್ಸೆಯಲ್ಲಿ ವ್ಯತ್ಯಾಸವಾಗದೆಂದು ಹೇಳಬೇಕು. ಪರದೆ ಎಳೆಯುವುದು, ಪರೀಕ್ಷಿಸುವ ಭಾಗವನ್ನು ಬಿಟ್ಟು ಉಳಿದದ್ದನ್ನು ಹೊದಿಸುವುದು, ಸ್ತ್ರೀಯರನ್ನು ಪರೀಕ್ಷಿಸುವಾಗ ಮಹಿಳೆಯೊಬ್ಬರು ಜೊತೆಗಿರುವಂತೆ ನೋಡಿಕೊಳ್ಳುವುದು ಪರೀಕ್ಷಾಕ್ರಮದ ಅಂಗವೇ. ನೋವಿನಲ್ಲಿರುವ ಒಬ್ಬನೇ ರೋಗಿಯ ಹೊಟ್ಟೆಯನ್ನು ಹತ್ತು ಜನ ಸಾಲಾಗಿ ಒತ್ತುವ ರೂಢಿಯನ್ನು ಅನೇಕ ಬೋಧಕರು ಕೈಬಿಟ್ಟಿದ್ದಾರೆ. ಅರಿವಳಿಕೆಯಲ್ಲಿರುವ ಸ್ತ್ರೀಯರ ಜನನಾಂಗವನ್ನು ಅವರ ಅರಿವಿಗೆ ಬಾರದಂತೆ ವಿದ್ಯಾರ್ಥಿಗಳು ಪರೀಕ್ಷಿಸುತ್ತಿದ್ದ ಪದ್ಧತಿ ಹಲವು ದೇಶಗಳಲ್ಲಿ ತೀವ್ರ ಟೀಕೆಗೆ ಗುರಿಯಾಯಿತು. ಅಮೆರಿಕದ ಒಕ್ಕೂಟ ಸರ್ಕಾರವು ಏಪ್ರಿಲ್ 2024ರಲ್ಲಿ, ಬೋಧನೆಗಾಗಿ ನಡೆಸುವ ಇಂತಹ ಪರೀಕ್ಷೆಗಳಿಗೆ ಆಸ್ಪತ್ರೆಗಳು ರೋಗಿಯಿಂದ ಲಿಖಿತ ಒಪ್ಪಿಗೆ ಪಡೆಯಬೇಕೆಂದು ಸೂಚಿಸಿತು.